ಹೆಣೆದ ಆಸನದ ಹಿಂದಿನ ಕೈಗಳು

ಬೀಳಗಿ ತಾಲೂಕಿನ ಅನಗವಾಡಿ ಘಟಪ್ರಭೆಯ ದಂಡೆಯ ಊರು. ಇದೇ ಹೊಳೆಯ ದಂಡೆಯಲ್ಲಿರುವ ಕಲಾದಗಿ ೧೯ನೆಯ ಶತಮಾನದಲ್ಲಿ ಬ್ರಿಟಿಷರ ಜಿಲ್ಲಾಕೇಂದ್ರವಾಗಿತ್ತು. ಜಮಖಂಡಿ, ಮುಧೋಳಗಳಲ್ಲಿ ಸಂಸ್ಥಾನಿಕರ ಆಳ್ವಿಕೆಯಿತ್ತು. ಹಗ್ಗದಿಂದ ಹೆಣೆದ ಹೊರಸು ಒಕ್ಕಲು ಮನೆಯದು, ಬೆತ್ತದಿಂದ ಹೆಣೆದ ಕುರ್ಚಿ ಕಚೇರಿಯ ದೊರೆಗಳದು ಎಂಬ ಭಾವನೆ ಇಂತಹ ಸೀಮೆಯಲ್ಲಿ ಮೂಡುವುದು ಸಹಜವೇ. ಆದರೆ ಆ ಕುರ್ಚಿಯ ಮೂಲವನ್ನು ಅರಸಿ ಹೊರಟರೆ ದಾರಿಯು ಲಂಡನ್ನಿನಲ್ಲಿ ನಿಲ್ಲದೆ ಚೀನಾದವರೆಗೂ ಸಾಗುತ್ತದೆ.

೧೬೬೦ರಲ್ಲಿ ಎರಡನೆಯ ಚಾರ್ಲ್ಸ್ ಇಂಗ್ಲೆಂಡಿನ ಗದ್ದುಗೆಗೆ ಮರಳಿದ ಬಳಿಕ, ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ತಂದ ಪೂರ್ವದೇಶಗಳ ಬೆತ್ತದಿಂದ ಅಲ್ಲಿ ಕುರ್ಚಿ ಹೆಣೆಯುವ ಕಸುಬು ಬೆಳೆಯಿತು. ಬೆತ್ತವು ತಾಳೆಯ ಜಾತಿಗೆ ಸೇರಿದ ಬಳ್ಳಿ. ಅದರ ಹೊರಸಿಪ್ಪೆಯನ್ನು ಸೀಳಿ, ಮರದ ಚೌಕಟ್ಟಿನ ರಂಧ್ರಗಳಲ್ಲಿ ಪೋಣಿಸಿ ಹೆಣೆದ ಆಸನವು ಹಗುರವೂ ಗಟ್ಟಿಯೂ ಆಗಿರುತ್ತದೆ; ಬಟ್ಟೆ ಹೊದಿಸಿದ ಕುರ್ಚಿಗಿರುವ ಧೂಳು, ನುಸಿಗಳ ಕಾಟ ಇದಕ್ಕಿಲ್ಲ. ಇದರ ಮಾರಾಟ ಹೆಚ್ಚಿದಾಗ ಉಣ್ಣೆಯ ಕಸುಬಿನವರು ತಮ್ಮ ಜೀವನಕ್ಕೆ ಕುತ್ತು ಬಂದಿತೆಂದು ಪಾರ್ಲಿಮೆಂಟಿಗೆ ಮೊರೆಯಿಟ್ಟರು. ರಬಕವಿ, ಬನಹಟ್ಟಿಗಳ ನೇಕಾರರಿಗೆ ಆ ಅಳಲು ಅಪರಿಚಿತವೇನಲ್ಲ.

ಇಂಗ್ಲೆಂಡಿನ ಆ ಮೊದಲ ಕುರ್ಚಿಗಳ ಬೆನ್ನು ಎತ್ತರವಾಗಿ ನೆಟ್ಟಗಿತ್ತು. ಚೀನಾದ ಬಡಗಿಗಳಾದರೋ ಮಿಂಗ್ ಅರಸರ ಕಾಲದಲ್ಲಿಯೇ (೧೩೬೮-೧೬೪೪) ಬೆನ್ನೆಲುಬಿನ ಬಾಗಿಗೆ ಒಪ್ಪುವಂತೆ ನಡುವಣ ಹಲಗೆಯನ್ನು ಬಳುಕಿಸಿ, ಕೂಡಲು ಬೆತ್ತದ ಚಾಪೆಯನ್ನು ಹೆಣೆಯುತ್ತಿದ್ದರು. ೧೮ನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ಬಡಗಿಗಳು ಆ ಬಾಗನ್ನು ತಮ್ಮದಾಗಿಸಿಕೊಂಡರು. ಪೂರ್ವದಿಂದ ಬಂದ ವಸ್ತುಗಳನ್ನೆಲ್ಲ ‘ಇಂಡಿಯಾ’ದವು ಎನ್ನುವ ಅಂದಿನ ರೂಢಿಯಂತೆ ಅದಕ್ಕೆ ‘ಇಂಡಿಯಾ ಬೆನ್ನು’ ಎಂಬ ಹೆಸರಾಯಿತು. ದೊರೆಯ ಕುರ್ಚಿಯ ಸುಖ ಚೀನಾದ ಕಾಯಕಜೀವಿಯ ಕೊಡುಗೆ. ಅವನ ಹೆಸರು ಮಾತ್ರ ಆ ಕುರ್ಚಿಗೆ ಅಂಟಲಿಲ್ಲ.

ಶರಣರ ನಾಡಿನಲ್ಲಿ ಹಾಗಾಗಲಿಲ್ಲ. ಹುಲ್ಲು ಕೊಯ್ದು ಹಗ್ಗ ಹೊಸೆದ ಶರಣ ನುಲಿಯ ಚಂದಯ್ಯನೆಂದೂ, ಬಿದಿರು ಹೆಣೆದ ಶರಣ ಮೇದಾರ ಕೇತಯ್ಯನೆಂದೂ ಕಾಯಕದ ಹೆಸರಿನಿಂದಲೇ ಪೂಜ್ಯರಾದರು. ಹೆಣೆಯುವ ಕೈಯನ್ನು ಗೌರವಿಸುವ ಆ ಸಂಸ್ಕಾರ ನಮ್ಮ ಮನೆಗಳಲ್ಲಿ ಉಳಿಯಬೇಕಲ್ಲವೇ? ಪಡಸಾಲೆಯ ಹಳೆಯ ಕುರ್ಚಿಯ ಬೆತ್ತ ಹರಿದಿದ್ದರೆ ಅದನ್ನು ಅಟ್ಟಕ್ಕೇರಿಸಿ, ಪ್ಲಾಸ್ಟಿಕ್ ಕುರ್ಚಿ ತರುವ ಅವಸರ ಬೇಡ. ಚೌಕಟ್ಟು ಗಟ್ಟಿಯಿದ್ದರೆ ಆಸನವನ್ನು ಮತ್ತೆ ಹೆಣೆಯಿಸಬಹುದು. ಬಲ್ಲವರನ್ನು ಮನೆಗೆ ಕರೆಸೋಣ. ಅವರು ಹೆಣೆಯುವಾಗ ಮಕ್ಕಳು ಬಳಿಯಲ್ಲಿ ಕುಳಿತು ನೋಡಲಿ, ಅವರ ಹೆಸರನ್ನೂ ಕೇಳಿ ತಿಳಿದುಕೊಳ್ಳಲಿ.