ಗುಡ್ಡದ ದಾರಿಯ ಲೆಕ್ಕ

ಎರೆ ಸೀಮೆಯ ಒಕ್ಕಲು ಮನೆತನಗಳಿಗೆ ವರ್ಷದ ದೊಡ್ಡ ಪ್ರವಾಸವೆಂದರೆ ಸವದತ್ತಿಯ ಯಲ್ಲಮ್ಮನ ಗುಡ್ಡ. ಶಲವಡಿ, ನವಲಗುಂದ, ಅಣ್ಣಿಗೇರಿ ಸುತ್ತಿನ ಊರುಗಳಿಂದ ಬನದ ಹುಣ್ಣಿಮೆಗೋ ಭಾರತ ಹುಣ್ಣಿಮೆಗೋ ಹೊರಡುವ ಕೊಲ್ಲಾರಿ ಚಕ್ಕಡಿಯಲ್ಲಿ ಒಂದು ಸಂಸಾರಕ್ಕೆ ಬೇಕಾದದ್ದೆಲ್ಲ ಇರುತ್ತದೆ. ತಳಕ್ಕೆ ಮೇವು, ಅದರ ಮೇಲೆ ಜಮಖಾನೆ, ಒಂದು ಮೂಲೆಯಲ್ಲಿ ಕಟಕ ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಇನ್ನೊಂದರಲ್ಲಿ ಪಾತ್ರೆ ಪಡಗ, ಒಲೆಗೆ ಕುಳ್ಳು, ನಡುವೆ ಅಜ್ಜಿ ಮತ್ತು ಮೊಮ್ಮಕ್ಕಳು. ಊಟಕ್ಕೂ ವಸತಿಗೂ ಯಾರ ಹಂಗೂ ಇಲ್ಲದ ಈ ಪ್ರವಾಸದಲ್ಲಿ ಮುಖ್ಯವಾಗಿ ಖರ್ಚಾಗುವುದು ಎತ್ತಿನ ತ್ರಾಣ. ಆದ್ದರಿಂದ ಹಿರಿಯರು ದಾರಿಯನ್ನು ಮೈಲಿಗಲ್ಲು ಎಣಿಸಿ ಆರಿಸುತ್ತಿರಲಿಲ್ಲ. ಎತ್ತು ಕಡಿಮೆ ದಣಿಯುವ ದಾರಿಯೇ ಅವರಿಗೆ ಹತ್ತಿರದ ದಾರಿ. ಅಂಥ ದಾರಿಯಿಂದ ನೆಲಕ್ಕೂ ನೀರಿಗೂ ಆಗುವ ಹಾನಿಯೂ ಕಡಿಮೆ ಎಂಬುದು ಲೆಕ್ಕ ಬಿಡಿಸಿದಾಗ ತಿಳಿಯುತ್ತದೆ.

ದಖ್ಖನಿನಲ್ಲಿ ಈ ಲೆಕ್ಕವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದವರು ಲಂಬಾಣಿಗರು. ಹೇರೆತ್ತುಗಳ ಬೆನ್ನ ಮೇಲೆ ಕರಾವಳಿಯ ಉಪ್ಪನ್ನು ಒಳನಾಡಿಗೆ, ಒಳನಾಡಿನ ದವಸವನ್ನು ಪೇಟೆಗೆ, ಯುದ್ಧ ಬಂದಾಗ ದಂಡಿಗೆ ಅವರು ಮುಟ್ಟಿಸುತ್ತಿದ್ದರು. ಸಾವಿರಾರು ಎತ್ತುಗಳಿಗೆ ಮೇವು ಕೊಂಡು ಹಾಕಿದರೆ ಉಪ್ಪಿನ ಲಾಭವೆಲ್ಲ ಅದಕ್ಕೇ ಹೋಗುತ್ತದೆ. ಹಾಗಾಗಿ ಹುಲ್ಲು ಮತ್ತು ನೀರು ಇರುವ ಕಡೆಯಿಂದ ಮೇಯಿಸುತ್ತ, ದಿನಕ್ಕೆ ಎರಡು ಮೂರು ಹರದಾರಿಯಷ್ಟೇ ಸಾಗುತ್ತ, ಮಳೆಗಾಲದಲ್ಲಿ ಒಂದೆಡೆ ತಂಗುತ್ತಿದ್ದರು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಹಳಿ ಗದಗ, ಹುಬ್ಬಳ್ಳಿಗಳನ್ನು ಮುಟ್ಟಿದ ಮೇಲೆ ಹೇರಿನ ವ್ಯಾಪಾರ ಸೊರಗಿತು. ನೀರು, ಮೇವು ನೋಡಿ ದಾರಿ ಹಿಡಿಯುವ ಪದ್ಧತಿ ಮಾತ್ರ ಜಾತ್ರೆಯ ಚಕ್ಕಡಿಗಳಲ್ಲಿ ಮುಂದುವರಿಯಿತು.

ದಾರಿ ಆರಿಸುವಾಗ ಮೊದಲು ನೋಡಬೇಕಾದದ್ದು ಕಾಲ, ಅದಕ್ಕೆ ತಕ್ಕಂತೆ ಬದಲಾಗುವ ನೆಲ. ಎರೆ ಮಣ್ಣು ನೀರು ಕುಡಿದರೆ ಉಬ್ಬಿ ಅಂಟಾಗುತ್ತದೆ, ಒಣಗಿದರೆ ಬಿರಿದು ಕಲ್ಲಿನಷ್ಟು ಗಟ್ಟಿಯಾಗುತ್ತದೆ. ಮಳೆಗಾಲದಲ್ಲಿ ಹೊಲದ ಹಾದಿಗಿಳಿದ ಗಾಲಿಗೆ ಮಣ್ಣು ಮೆತ್ತಿಕೊಂಡು, ಎತ್ತುಗಳು ಚಕ್ಕಡಿಯ ಜೊತೆಗೆ ಅರ್ಧ ಹೊಲವನ್ನೂ ಎಳೆಯಬೇಕಾಗುತ್ತದೆ. ಗಾಲಿ ಕೊರೆದ ಗಾಡಿಜಾಡಿನಲ್ಲೇ ಮುಂದೆ ನೀರು ಹರಿದು ಮಣ್ಣು ಕೊಚ್ಚಿಹೋಗುತ್ತದೆ. ಹಳ್ಳಗಳ ಸಂಗತಿಯೂ ಹೀಗೆಯೇ. ಶಿಗ್ಗಾಂವಿ ತಾಲೂಕಿನ ದುಂಡಶಿ ಕಡೆ ಹುಟ್ಟಿ ಮಲಪ್ರಭೆಗೆ ಸೇರುವ ಬೆಣ್ಣಿಹಳ್ಳ, ಅದಕ್ಕೆ ಕೂಡುವ ತುಪ್ಪರಿಹಳ್ಳ ಎರಡೂ ಹೆಸರಿನಲ್ಲಿ ಮಾತ್ರ ಮೆದು. ಮೇಲೆ ಮಳೆ ಸುರಿದರೆ ದಂಡೆಯ ಹೊಲಗಳನ್ನೂ ರಸ್ತೆಗಳನ್ನೂ ನುಂಗುತ್ತವೆ. ಪುಷ್ಯ, ಮಾಘ ಮಾಸಗಳಲ್ಲಿ ನೆಲ ಗಟ್ಟಿಯಾಗಿ, ಹಳ್ಳಗಳು ಇಳಿದಿರುತ್ತವೆ. ಗುಡ್ಡದ ದೊಡ್ಡ ಜಾತ್ರೆಗಳು ಅದೇ ತಿಂಗಳುಗಳಲ್ಲಿ ಬರುವುದರಿಂದ ಮಳೆಗಾಲದಲ್ಲಿ ಬಳಸಲಾಗದ ಒಳದಾರಿಗಳು ಆಗ ತೆರೆದುಕೊಳ್ಳುತ್ತವೆ.

ಎರಡನೆಯದು ನೀರು. ದುಡಿಯುವ ಎತ್ತಿಗೆ ದಿನಕ್ಕೆ ಸುಮಾರು 40 ಲೀಟರ್ ನೀರು ಬೇಕು. ಜೋಡಿಗೆ 80 ಲೀಟರ್. ಇಷ್ಟನ್ನು ಹೊತ್ತು ಸಾಗಿದರೆ ಎತ್ತು ತನ್ನ ನೀರನ್ನು ತಾನೇ ಎಳೆದು ಇನ್ನಷ್ಟು ಬಾಯಾರುತ್ತದೆ. ನವಲಗುಂದ ಸೀಮೆಯಲ್ಲಿ ಅಂತರ್ಜಲ ಬಹುಮಟ್ಟಿಗೆ ಸವಳು. ಬಾವಿ ಕಂಡರೂ ಅದರ ನೀರು ಬಾಯಿಗೆ ಬರುತ್ತದೆಂಬ ಭರವಸೆಯಿಲ್ಲ. ಊರುಗಳು ಕುಡಿಯಲು ನಂಬಿರುವುದು ಕೆರೆಯನ್ನು. 1970ರ ದಶಕದಿಂದೀಚೆಗೆ ಸವದತ್ತಿ ಸಮೀಪದ ನವಿಲುತೀರ್ಥ ಅಣೆಕಟ್ಟಿನಿಂದ ಹೊರಟ ಮಲಪ್ರಭಾ ಬಲದಂಡೆ ಕಾಲುವೆ ಈ ಸೀಮೆಗೆ ನೀರು ತಂದಿದೆ. ಗುಡ್ಡದ ಯಾತ್ರಿಕನಿಗೆ ಇದು ಒಂದು ಅನುಕೂಲ: ಕಾಲುವೆ ಅವನು ಹೋಗುವ ದಿಕ್ಕಿನಿಂದಲೇ ಬರುತ್ತದೆ. ನೀರು ಬಿಟ್ಟ ದಿನಗಳಲ್ಲಿ ಕಾಲುವೆಗೆ ಹತ್ತಿರವಿರುವ ಹಾದಿ ಹಿಡಿದರೆ ಎತ್ತುಗಳ ಚಿಂತೆ ಅರ್ಧ ಕಳೆಯುತ್ತದೆ. ಎತ್ತಿನ ಮೈತೊಳೆಯುವುದನ್ನೂ ಅಲ್ಲಿಯೇ, ತೂಬಿನಾಚೆಯ ಹರಿವಿನಲ್ಲಿ ಮುಗಿಸಬೇಕು. ಕುಡಿಯುವ ಕೆರೆಗೆ ದನ ಇಳಿಸಿದವನಿಗೆ ಮರುವರ್ಷ ಆ ಊರಿನಲ್ಲಿ ವಸತಿ ಸಿಗದು.

ಮೂರನೆಯದು ಮೇವು. ದೊಡ್ಡ ಕಿಲಾರಿ ಎತ್ತಿಗೆ ದಿನಕ್ಕೆ ಒಣಮೇವು 8ರಿಂದ 10 ಕಿಲೋ ಬೇಕು. ಜೋಡಿಗೆ 20 ಕಿಲೋ ಎಂದು ಹಿಡಿದರೆ ಆರು ದಿನದ ಪಯಣಕ್ಕೆ 120 ಕಿಲೋ, ಅಂದರೆ ಇಬ್ಬರು ಹೆಚ್ಚಿನ ಪ್ರಯಾಣಿಕರ ತೂಕ. ಆದ್ದರಿಂದ ಹೋಗುವಾಗ ಮೊದಲೆರಡು ದಿನಕ್ಕಾಗುವಷ್ಟು ಕಣಕಿ, ಜೊತೆಗೆ ಒಂದಿಷ್ಟು ಹಿಂಡಿ ಹೇರಿಕೊಂಡು ಉಳಿದದ್ದನ್ನು ದಾರಿಯಲ್ಲಿ ಹೊಂದಿಸುವುದು ಲಾಭ. ಇಲ್ಲಿ ಎರಡು ಹುಣ್ಣಿಮೆಗಳ ನಡುವೆ ವ್ಯತ್ಯಾಸವಿದೆ. ಬನದ ಹುಣ್ಣಿಮೆಯ ಹೊತ್ತಿಗೆ ಹಿಂಗಾರಿ ಜೋಳ ಇನ್ನೂ ಹೊಲದಲ್ಲಿ ನಿಂತಿರುತ್ತದೆ, ಬಣವೆಯಲ್ಲಿರುವುದು ಹಳೆಯ ಕಣಕಿ. ಭಾರತ ಹುಣ್ಣಿಮೆಗೆ ಕಡಲೆಯ ಒಕ್ಕಣೆ ಶುರುವಾಗಿ ಹೊಟ್ಟು, ಮೊದಲು ಕೊಯ್ದ ಜೋಳದ ಹೊಸ ಕಣಕಿ ಸಿಗತೊಡಗುತ್ತವೆ. ಬೆಳೆ ತೆಗೆದ ಹೊಲಗಳು ಹೆಚ್ಚಿರುವ ದಾರಿಯಲ್ಲಿ ಎತ್ತುಗಳು ಸಂಜೆ ಮೇಯಬಹುದು. ಬೆಳೆ ನಿಂತ ಹೊಲಗಳ ನಡುವಿನ ದಾರಿಯಲ್ಲಿ ಬಾಯಿಗೆ ಕುಕ್ಕೆ ಕಟ್ಟಿ ನಡೆಸಬೇಕು.

ನಾಲ್ಕನೆಯದು ಗಾಲಿ ಮತ್ತು ಗೊರಸಿನ ಜಗಳ. ಡಾಂಬರು ರಸ್ತೆಯಲ್ಲಿ ಗಾಲಿ ಸಲೀಸಾಗಿ ಉರುಳುತ್ತದೆ, ಅದರಲ್ಲೂ ಟಾಯರ್ ಚಕ್ಕಡಿಗೆ ಎಳೆತ ತೀರ ಕಡಿಮೆ. ಆದರೆ ಅದೇ ಡಾಂಬರು ಗೊರಸು ಸವೆಸುತ್ತದೆ, ಮಧ್ಯಾಹ್ನ ಸುಡುತ್ತದೆ, ನುಣ್ಣಗಿರುವಲ್ಲಿ ಕಾಲು ಜಾರಿಸುತ್ತದೆ. ಒಣಗಿದ ಮಣ್ಣಿನ ಹಾದಿ ಗೊರಸಿಗೆ ಹಿತ, ಕಬ್ಬಿಣದ ಹಳಿಯ ಗಾಲಿಗೂ ಒಪ್ಪುತ್ತದೆ. ಎರಡಕ್ಕೂ ಆಗದ್ದು ಕಡಿ ಹರವಿ ಹಾಗೇ ಬಿಟ್ಟ ರಸ್ತೆ. ನಾಲು ಕಟ್ಟಿಸಿದ ಎತ್ತು, ಟಾಯರ್ ಗಾಲಿ ಇದ್ದರೆ ಡಾಂಬರು, ಹಳಿಯ ಗಾಲಿಯಿದ್ದರೆ ಚಕ್ಕಡಿ ರಸ್ತೆ ಎಂಬುದು ಸಾಮಾನ್ಯ ಸೂತ್ರ. ಇಳಿಜಾರನ್ನೂ ಗಮನಿಸಬೇಕು. ಚಕ್ಕಡಿಗೆ ಬ್ರೇಕ್ ಇಲ್ಲ. ಇಳಿಯುವಾಗ ಹಿಂದಿನ ಭಾರವೆಲ್ಲ ನೊಗದ ಮೂಲಕ ಎತ್ತಿನ ಮೇಲೆಯೇ ನೂಕುತ್ತದೆ. ಏರು, ಇಳುಕಲು ಬಂದಲ್ಲಿ ಗಟ್ಟಿಯಿದ್ದವರು ಕೆಳಗಿಳಿದು ನಡೆಯುವುದು ಹಳೆಯ ರೂಢಿ.

ಈ ನಾಲ್ಕನ್ನೂ ಇಟ್ಟುಕೊಂಡು ನವಲಗುಂದದಿಂದ ಮುಂದಿನ ದಾರಿಗಳನ್ನು ತೂಗಬಹುದು. ಹುಬ್ಬಳ್ಳಿ, ಧಾರವಾಡದ ಮೇಲೆ ಸುತ್ತಿ ಸವದತ್ತಿಗೆ ಹೋಗುವ ದಾರಿ ಉದ್ದಕ್ಕೂ ಒಳ್ಳೆಯ ರಸ್ತೆ, ಅಂಗಡಿ, ದವಾಖಾನೆ ಉಳ್ಳದ್ದು; ಆದರೆ ಒಳದಾರಿಯ ಸುಮಾರು ಎರಡರಷ್ಟು ದೂರ. ಜೊತೆಗೆ ಅವಳಿ ನಗರದ ವಾಹನ ಸಂದಣಿಯಲ್ಲಿ ಎತ್ತು ಬೆದರುವ ಭಯ. ನರಗುಂದದ ಕಡೆಯಿಂದ ಹೋಗುವುದಾದರೆ ಮೊದಲ ಸುಮಾರು 20 ಕಿಲೋಮೀಟರ್ ರಾಷ್ಟ್ರೀಯ ಹೆದ್ದಾರಿ 52ರ ಮೇಲೆ ಸಾಗಬೇಕು. ವಿಜಯಪುರ, ಸೊಲ್ಲಾಪುರದ ಲಾರಿಗಳು ರಾತ್ರಿಯೂ ಬಿಡುವಿಲ್ಲದೆ ಓಡುವ ರಸ್ತೆಯದು. ಮೂರನೆಯದು ನವಲಗುಂದದಿಂದ ವಾಯವ್ಯಕ್ಕೆ ಹಳ್ಳಿಗಳ ನಡುವೆ ನೇರ ಸವದತ್ತಿಗೆ ಹೋಗುವ ಒಳದಾರಿ. ಗಂಟೆಗೆ ಮೂರು ನಾಲ್ಕು ಕಿಲೋಮೀಟರ್ ನಡೆಯುವ ಜೋಡಿ ದಿನಕ್ಕೆ 20ರಿಂದ 25 ಕಿಲೋಮೀಟರ್ ಕ್ರಮಿಸಿದರೆ ಶಲವಡಿಯಿಂದ ನಡುವೆ ಎರಡು ವಸತಿಯಲ್ಲಿ ಗುಡ್ಡ ಸಿಗುತ್ತದೆ. ಚಕ್ಕಡಿಗೆ ಈ ಒಳದಾರಿಯೇ ಸರಿ. ಅಕಾಲಿಕ ಮಳೆಯಾದ ವರ್ಷ ಮಾತ್ರ ಈ ತೀರ್ಮಾನ ತಲೆಕೆಳಗಾಗುತ್ತದೆ. ಆಗ ಸುತ್ತಿನ ಡಾಂಬರು ರಸ್ತೆಯೇ ಅಗ್ಗ.

ವೇಳೆಯ ಆಯ್ಕೆಯೂ ದಾರಿಯ ಆಯ್ಕೆಯ ಭಾಗ. 1965ರ ಎಳೆಯುವ ಮತ್ತು ಹೊರುವ ಪ್ರಾಣಿಗಳ ಹಿಂಸೆ ತಡೆ ನಿಯಮಗಳ ಪ್ರಕಾರ ಎತ್ತನ್ನು ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು ಹೂಡುವಂತಿಲ್ಲ. ಉಷ್ಣತೆ 37 ಡಿಗ್ರಿ ಸೆಲ್ಸಿಯಸ್ ಮೀರುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸುವಂತಿಲ್ಲ. ಕೊನೆಯ ನಿಯಮ ಚೈತ್ರದ ದವನದ ಹುಣ್ಣಿಮೆಗೆ ಹೋಗುವವರಿಗೆ ಮುಖ್ಯ. ಕಾನೂನು ಬರುವ ಮೊದಲೂ ಚಕ್ಕಡಿಗಳು ತಂಪು ಹೊತ್ತಿನಲ್ಲೇ ಸಾಗುತ್ತಿದ್ದವು. ಹುಣ್ಣಿಮೆಗೆ ಮುಟ್ಟಬೇಕಾದ ಪ್ರಯಾಣ ದ್ವಾದಶಿ, ತ್ರಯೋದಶಿಗೆ ಶುರುವಾಗುತ್ತದೆ. ಆಗ ಸಂಜೆಯ ಹೊತ್ತಿಗೇ ಚಂದ್ರ ಮೇಲೆ ಬಂದಿರುವುದರಿಂದ ಹೋಗುವಾಗ ಮುಂಜಾವಿಗಿಂತ ರಾತ್ರಿಯ ಮೊದಲ ಜಾವ ಅನುಕೂಲ. ಮರಳುವಾಗ ಚಂದ್ರ ತಡವಾಗಿ ಹುಟ್ಟಿ ಬೆಳಗಿನವರೆಗೂ ಇರುತ್ತಾನೆ. ಆದ್ದರಿಂದ ಬೆಳಗಿನ ಜಾವ ಹೊರಡುವುದು ಒಳ್ಳೆಯದು. ಕಂದೀಲಿನ ಎಣ್ಣೆ ಎರಡೂ ಸಲ ಉಳಿಯುತ್ತದೆ. ವಾಹನ ಓಡಾಡುವ ರಸ್ತೆಯಾದರೆ ಬೆಳದಿಂಗಳಿದ್ದರೂ ಹಿಂದೆ ಮಿಂಚುವ ಪಟ್ಟಿ ಅಂಟಿಸುವುದು ಈ ಕಾಲದ ಅಗತ್ಯ.

ವಸತಿಗೆ ಊರ ಹೊರಗಿನ ಖಾಲಿ ಹೊಲ, ಅದರ ಬದುವಿಗೊಂದು ಬೇವೋ ಜಾಲಿಯೋ ಇದ್ದರೆ ಸಾಕು. ಕುರಿ ಹಿಂಡನ್ನು ಹೊಲದಲ್ಲಿ ನಿಲ್ಲಿಸಿಕೊಂಡು ಗೊಬ್ಬರ ಪಡೆಯುವ ರೂಢಿ ಈ ಸೀಮೆಯಲ್ಲಿ ಹಳೆಯದು. ಹತ್ತಾರು ಚಕ್ಕಡಿಗಳು ತಂಗಿದರೂ ಹೊಲದವನಿಗೆ ಸಗಣಿ, ಗಂಜಲ ಉಳಿಯುತ್ತದೆ, ನೆರಳಿನ ಬಾಡಿಗೆ ಅಲ್ಲಿಗೆ ತೀರಿತು. ಕೆಡುವುದು ಮರ ಕಡಿದು ಒಲೆ ಹಚ್ಚಿದಾಗ. ಮನೆಯಿಂದಲೇ ಕುಳ್ಳು, ಹತ್ತಿ ಕಟ್ಟಿಗೆ ಒಯ್ದರೆ ಆ ತಂಟೆಯಿಲ್ಲ. ಗುಡ್ಡದ ಯಾತ್ರೆಯಲ್ಲಿ ಜೋಗುಳಬಾವಿಯ ಸ್ನಾನ, ಅಡುಗೆ, ಪರಡಿ ತುಂಬುವ ಪೂಜೆ ಎಲ್ಲ ಬಯಲಿನಲ್ಲೇ ನಡೆಯುವುದರಿಂದ ಲಕ್ಷಗಟ್ಟಲೆ ಜನ ಬಿಟ್ಟು ಹೋದದ್ದು ಅಲ್ಲಿಯೇ ಉಳಿಯುತ್ತದೆ. ಪ್ಲಾಸ್ಟಿಕ್ ತಟ್ಟೆ, ಲೋಟದ ಬದಲು ಮನೆಯ ತಾಟು, ತಂಬಿಗೆ ಒಯ್ಯುವುದು ಖರ್ಚಿನಲ್ಲೂ ಕಡಿಮೆ.

ಈಗ ಗುಡ್ಡಕ್ಕೆ ಹೋಗುವವರಲ್ಲಿ ತಾಡಪತ್ರಿ ಕಟ್ಟಿದ ಟ್ರ್ಯಾಕ್ಟರ್ ಟ್ರೇಲರಿನವರು ಹೆಚ್ಚು. ಸರಕಿನ ಟ್ರೇಲರಿನಲ್ಲಿ ಜನ ಸಾಗಿಸಲು ಕಾನೂನಿನ ಒಪ್ಪಿಗೆಯಿಲ್ಲ, ಅಪಾಯವೂ ಹೆಚ್ಚು. ಮಲಗಲು, ಅಡುಗೆಗೆ ಅನುಕೂಲವಿರುವ ಮೋಟಾರು ಕ್ಯಾರವಾನ್‌ಗಳೂ ಕರ್ನಾಟಕದಲ್ಲಿ ಬಾಡಿಗೆಗೆ ಸಿಗುತ್ತವೆ. ಅವುಗಳಲ್ಲಿ ಹೋಗುವವರಿಗೂ ಚಕ್ಕಡಿಯ ಸೂತ್ರಗಳು ಸ್ವಲ್ಪ ತಿದ್ದಿಕೊಂಡರೆ ಹೊಂದುತ್ತವೆ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಹಣ ಉಳಿಸಿದ ಲೀಟರೇ ಹೊಗೆ ಉಳಿಸಿದ ಲೀಟರ್. ಎತ್ತರದ ವಾಹನಕ್ಕೆ ವೇಗ ಹೆಚ್ಚಿದಂತೆ ಗಾಳಿಯ ತಡೆ ವೇಗದ ವರ್ಗಕ್ಕನುಗುಣವಾಗಿ ಏರುವುದರಿಂದ ಹೆದ್ದಾರಿಯಲ್ಲಿ ನಿಧಾನವೇ ಲಾಭ. ಮತ್ತೆ ಮತ್ತೆ ನಿಂತು ಹೊರಡಬೇಕಾದ ಪೇಟೆಯ ದಾರಿ, ಗುಂಡಿ ಬಿದ್ದ ಒಳದಾರಿ ಎರಡೂ ಎಂಜಿನ್ನಿಗೆ ದುಬಾರಿ. ಆದ್ದರಿಂದ ಎತ್ತಿಗೆ ಸಲ್ಲುವ ಒಳದಾರಿ ಕ್ಯಾರವಾನಿಗೆ ಯಾವಾಗಲೂ ಸಲ್ಲದು. ನೂರು ಲೀಟರ್ ನೀರಿನ ತೂಕ ನೂರು ಕಿಲೋ. ತೊಟ್ಟಿಯನ್ನು ಊರಲ್ಲೇ ತುಂಬಿಸಿ ಎಳೆಯುವ ಬದಲು ವಸತಿಯ ಬಳಿ ತುಂಬಿಸಬೇಕು, ಬಚ್ಚಲು ನೀರನ್ನು ಹಳ್ಳಕ್ಕೂ ಕೆರೆಯ ಹರಿವಿಗೂ ಬಿಡಬಾರದು.

ಒಟ್ಟಿನಲ್ಲಿ ನೋಡಬೇಕಾದ ಕ್ರಮ ಇಷ್ಟು: ಮೊದಲು ಕಾಲ, ಆಮೇಲೆ ನೀರು, ಆಮೇಲೆ ಮೇವು ಅಥವಾ ಇಂಧನ, ಆಮೇಲೆ ರಸ್ತೆಯ ಗುಣ, ಕೊನೆಗೆ ದೂರ. ದೂರವನ್ನು ಮೊದಲು ನೋಡಿದವರು ಉಳಿದ ನಾಲ್ಕಕ್ಕೂ ದಾರಿಯಲ್ಲಿ ಬೆಲೆ ತೆರುತ್ತಾರೆ.