ಮರುಗವಿಲ್ಲದ ಮೊಳ ಹೂವು

ಇವತ್ತು ಬೆಳಿಗ್ಗೆ ಹೊಸದುರ್ಗದ ಕಡೆಯ ಮತ್ತೋಡಿನಲ್ಲಿ ಹೂವಿನವ್ವನ ಬುಟ್ಟಿ ತುಂಬ ಮಲ್ಲಿಗೆ, ಕನಕಾಂಬರ, ಸೇವಂತಿಗೆ. ಮರುಗ ಮಾತ್ರ ಇಲ್ಲ, ದವನವೂ ಇಲ್ಲ. ಕೇಳಿದೆ. “ಕೊಳ್ಳಾಕೆ ಬರೋರು ಗಂಡಸ್ರೇ ಜಾಸ್ತಿ ಕಣವ್ವ. ಸೊಪ್ಪಿನ ವಾಸ್ನೆ ಬ್ಯಾಡ ಅಂತಾರೆ” ಅಂದಳು. ಮಾಲೆಗೆ ಜೀವ ಬರುವುದೇ ಆ ಹಸಿರಿನಿಂದ. ಅದನ್ನು ಬೇಡವೆಂದವರ ಮೇಲಿನ ಸಿಟ್ಟು ಮಧ್ಯಾಹ್ನವಾದರೂ ಇಳಿದಿಲ್ಲ.

ಹೆಂಗಸರ ಮೂಗು ಚುರುಕು ಅನ್ನುವುದು ಹಳೆಯ ಮಾತು. ಸರಾಸರಿ ಲೆಕ್ಕದಲ್ಲಿ ಹೌದು, ಆದರೆ ಅಂತರ ಸಣ್ಣದು ಅನ್ನುತ್ತಾರೆ ಅಳೆದು ನೋಡಿದವರು. ಅದು ಹಾಗಿರಲಿ. ನನ್ನ ಮನಸ್ಸು ಹಿಡಿದದ್ದು ಅಮೆರಿಕದ ಪಮೇಲಾ ಡಾಲ್ಟನ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಪ್ರಯೋಗ. ಒಂದೇ ವಾಸನೆಯನ್ನು ಮತ್ತೆ ಮತ್ತೆ ಮೂಸಿದಾಗ ಹೆರುವ ವಯಸ್ಸಿನ ಹೆಂಗಸರ ಮೂಗು ಬರಬರುತ್ತ ಸೂಕ್ಷ್ಮವಾಯಿತಂತೆ, ಗಂಡಸರಲ್ಲಿ ಹಾಗಾಗಲಿಲ್ಲ. ಓದಿದಾಗ ಕಣ್ಣ ಮುಂದೆ ಬಂದದ್ದು ಜಗಲಿ, ನೆನೆಸಿದ ಬಾಳೆನಾರು, ನಮ್ಮಜ್ಜಿಯ ಬೆರಳು. ಎರಡು ಮೊಗ್ಗಿಗೊಂದು ಮರುಗದ ಕುಡಿ. ಕಟ್ಟಿ ಮುಗಿದ ಮೇಲೆ ರಾತ್ರಿ ಮುದ್ದೆ ಮುರಿಯುವಾಗಲೂ ಅವಳ ಕೈಯಿಂದ ಮರುಗ ಘಮ್ಮೆನ್ನುತ್ತಿತ್ತು. ಕತ್ತಲಲ್ಲಿ ಎಲೆ ಮುಟ್ಟದೆಯೇ ಇದು ಕಾಮಕಸ್ತೂರಿ, ಇದು ದವನ ಅಂತ ಹೇಳುತ್ತಿದ್ದಳು.

ಹಾಗಂತ ಗಂಡಸಿಗೆ ಸೊಪ್ಪಿನ ಘಮ ದಕ್ಕದು ಅಂದರೆ ನಾನು ಒಪ್ಪಲಾರೆ. ಹೊಸದುರ್ಗದ ಕಡೆಯ ಕುರುಚಲಿನಲ್ಲಿ ಕುರಿ ಕಾಯುವವರನ್ನು ನೋಡಿ. ಎಲೆ ಕಿತ್ತು, ಅಂಗೈಯಲ್ಲಿ ಹೊಸಕಿ, ಮೂಗಿಗೆ ಹಿಡಿದು ನಾಯಿತುಳಸಿ ಯಾವುದು, ತುಂಬೆ ಯಾವುದು ಅಂತ ನಿಂತಲ್ಲೇ ಹೇಳುತ್ತಾರೆ. ಕೈಗೆ ಕೆಲಸ ಇದ್ದರೆ ಮೂಗೂ ಕಲಿಯುತ್ತದೆ. ಮನೆಯ ಗಂಡುಮಕ್ಕಳಿಗೆ ಹೂ ಕಟ್ಟಲು ನಾವು ಕಲಿಸಲೇ ಇಲ್ಲ. ನಾನು ಚಿಕ್ಕವಳಿದ್ದಾಗ ಚೈತ್ರದ ದವನದ ಹುಣ್ಣಿಮೆಗೆ ದೇವರಿಗೆ ಏರಿಸಿದ ದವನವನ್ನು ಹಿರಿಯರು ಕಿವಿಯ ಸಂದಿಗೆ ಸಿಕ್ಕಿಸಿಕೊಂಡು ಊರೆಲ್ಲ ಓಡಾಡುತ್ತಿದ್ದರು. ಅದು ಹೆಂಗಸರ ಘಮ ಅಂತ ಯಾರೂ ಅಂದದ್ದು ಕೇಳಿಲ್ಲ. ಈಗ ಅದೇ ಹಿರಿಯರ ಮೊಮ್ಮಕ್ಕಳು ದುಡ್ಡು ಕೊಟ್ಟು ಸೀಸೆಯ ಸೆಂಟು ಹಾಕಿಕೊಳ್ಳುತ್ತಾರೆ. ನಮ್ಮ ಕರ್ನಾಟಕದ ದವನದ ಎಣ್ಣೆ ಹೊರದೇಶದ ಸುಗಂಧದ ಕಾರ್ಖಾನೆಗಳಿಗೆ ಹೋಗುತ್ತದೆ. ಆ ಮೊಮ್ಮಕ್ಕಳ ಸೀಸೆಯೊಳಗೂ ಅದರ ಹನಿ ಇದ್ದೀತು. ದವನ ಒಬ್ಬೊಬ್ಬರ ಮೈಮೇಲೆ ಒಂದೊಂದು ಬಗೆಯಾಗಿ ಘಮಿಸುತ್ತದೆ ಅನ್ನುತ್ತಾರೆ ಆ ಕಸುಬಿನವರು. ಗಂಡು ಹೆಣ್ಣೆಂಬ ಎರಡೇ ಗೆರೆ ಎಳೆದು ಮುಗಿಸುವ ಮಾತಲ್ಲ ಇದು.

ದವನದ ಜೊತೆ ಜಾತ್ರೆ ನೆನಪಾಯಿತು, ಜಾತ್ರೆಯ ಜೊತೆ ಬಳೆ. ಇದೇ ಮತ್ತೋಡಿನಲ್ಲಿ ಸೌಳು ಮಣ್ಣಿನ ಕ್ಷಾರ ಬಳಸಿ ಬಳೆಯ ಗಾಜು ಕಾಯಿಸುತ್ತಿದ್ದರು. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಊರಿನ ಗಾಜಿನ ಕೆಲಸವನ್ನು ಬರೆದಿಟ್ಟಿದ್ದಾನೆ. ಹೆಂಗಸರ ಕೈಗೆ ಬಣ್ಣ ತುಂಬುತ್ತಿದ್ದ ಆ ಗಂಡಸರಿಗೆ ಗಾಜು ಹದಕ್ಕೆ ಬಂದದ್ದು ಕಣ್ಣಿಗೆ ಮೊದಲು ತಿಳಿಯುತ್ತಿತ್ತೋ, ಮೂಗಿಗೋ? ಕುಲುಮೆಗೆ ಯಾವ ಸೌದೆ ಒಟ್ಟುತ್ತಿದ್ದರು? ಊರಿನ ವಯಸ್ಸಾದವರಲ್ಲಿ ಯಾರಾದರೂ ತಮ್ಮ ಅಜ್ಜಂದಿರ ಬಾಯಲ್ಲಿ ಕೇಳಿದ್ದರೆ ಕೂತು ಬರೆದುಕೊಳ್ಳಬೇಕು.