ಅಪ್ಪನ ಗಡ್ಡ ಮತ್ತು ಬಿಸಿ ನೊರೆ

ಶೇವಿಂಗ್ ನೊರೆಯಲ್ಲಿ ಬಹುಪಾಲು ಇರುವುದು ಗಾಳಿ. ಅಷ್ಟು ಸಣ್ಣ ಸಂಗತಿ ನನಗೆ ತಿಳಿದದ್ದು ಹಾಸಿಗೆ ಹಿಡಿದ ಅಪ್ಪನ ದವಡೆಯ ಕೆಳಗೆ ರಕ್ತ ಕಂಡ ಮೇಲೆ.

ಅಪ್ಪನಿಗೆ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿತ್ತು. ಗಡ್ಡ ತೆಗೆಯದೆ ಎಂದೂ ಅಂಗಳ ದಾಟಿದವರಲ್ಲ ಅವರು. ಮಾತು ತೊದಲುತ್ತಿದ್ದ ಆ ದಿನಗಳಲ್ಲೂ ಎಡಗೈಯಿಂದ ಗಲ್ಲ ಸವರಿಕೊಂಡು ನನ್ನತ್ತ ನೋಡುತ್ತಿದ್ದರು. ಹಾಗಾಗಿ ಆ ಕೆಲಸ ನನ್ನ ಪಾಲಿಗೆ ಬಂತು. ನಮ್ಮದು ಮಲೆನಾಡಿನ ಹೆಂಚಿನ ಮನೆ, ಆಗ ಪುಷ್ಯ ಮಾಸದ ಚಳಿ. ತಣ್ಣನೆಯ ಬ್ರಶ್ ತಾಗಿದರೆ ಸಾಕು, ಅಪ್ಪ ಬೆಚ್ಚಿಬಿದ್ದು ಮುಖ ತಿರುಗಿಸುತ್ತಿದ್ದರು. ಇನ್ನೊಂದು ಕೈಯಲ್ಲಿ ಬ್ಲೇಡು ಹಿಡಿದವನಿಗೆ ಅದು ಎಂಥ ಭಯ ಎಂದು ರೋಗಿಯ ಆರೈಕೆ ಮಾಡಿದವರಿಗೆ ಗೊತ್ತು.

ಗಟ್ಟಿಮುಟ್ಟಾದವರು ಐದು ನಿಮಿಷದಲ್ಲಿ ಮುಗಿಸುವ ಕೆಲಸ ಮಲಗಿದವರಿಗೆ ಅರ್ಧ ಗಂಟೆ ಹಿಡಿಯುತ್ತದೆ. ದಿಂಬು ಸರಿಪಡಿಸಬೇಕು, ಕೆಮ್ಮು ಬಂದರೆ ಕಾಯಬೇಕು, ಜೋತುಬಿದ್ದ ಚರ್ಮವನ್ನು ಬೆರಳಿನಿಂದ ಎಳೆದು ಹಿಡಿಯಬೇಕು. ಒಂದು ಕೆನ್ನೆ ಮುಗಿದು ಇನ್ನೊಂದಕ್ಕೆ ಬರುವಷ್ಟರಲ್ಲಿ ಬಟ್ಟಲಿನ ನೊರೆ ಮಂಜಿನಷ್ಟು ತಣ್ಣಗಾಗಿರುತ್ತಿತ್ತು. ಅದನ್ನು ಕೊನೆಯವರೆಗೂ ಬಿಸಿಯಾಗಿಡಬೇಕೆಂಬ ಹಟ ನನ್ನದು. ಕುದಿಯುವ ನೀರಿನ ಪಾತ್ರೆಯೊಳಗೆ ಸ್ಟೀಲ್ ಬಟ್ಟಲನ್ನು ಇಳಿಸಿ, ಅದರಲ್ಲಿ ನೊರೆ ಎಬ್ಬಿಸಿದೆ.

ಕಣ್ಣೆದುರೇ ನೊರೆ ಕೆಟ್ಟಿತು. ಬಟ್ಟಲಿನ ಅಂಚಿಗೆ ಅಂಟಿದ್ದು ಒಣಗಿ ಬಿಳಿ ಹೊಪ್ಪಳೆಯಾಯಿತು. ನಡುವೆ ಬಟಾಣಿ ಗಾತ್ರದ ಗುಳ್ಳೆಗಳು ಎದ್ದು, ಸದ್ದು ಮಾಡುತ್ತ ಒಡೆದವು. ತಳದಲ್ಲಿ ಬೂದುಬಣ್ಣದ ಸೋಪಿನ ನೀರು ನಿಂತಿತು. ಜೋರಾಗಿ ಕಲಸಿದೆ, ಗುಳ್ಳೆ ಇನ್ನೂ ದೊಡ್ಡದಾಯಿತು. ಬಿಸಿನೀರು ಸೇರಿಸಿದೆ, ಇನ್ನೂ ತೆಳುವಾಯಿತು. ಅಪ್ಪನ ಒಣ ಚರ್ಮಕ್ಕೆ ಒಳ್ಳೆಯದೆಂದು ಒಂದು ಚಮಚ ಕೊಬ್ಬರಿ ಎಣ್ಣೆ ಹಾಕಿದೆ, ಉಳಿದದ್ದೂ ಕುಸಿಯಿತು. ಎಣ್ಣೆ ನೊರೆಯ ವೈರಿ. ನೊರೆ ಅಡಗಿಸಲು ಕಾರ್ಖಾನೆಗಳಲ್ಲಿ ಎಣ್ಣೆಯನ್ನೇ ಬಳಸುವುದುಂಟು. ಅಲ್ಲಿಗೆ ನಿಲ್ಲಿಸಬೇಕಿತ್ತು. ಅಪ್ಪ ಕಾಯುತ್ತಿದ್ದಾರೆಂದು ಅದೇ ನೀರುನೊರೆಯನ್ನು ಹಚ್ಚಿ ಬ್ಲೇಡು ಎಳೆದೆ. ದವಡೆಯ ತಿರುವಿನಲ್ಲಿ ಜಾರಿಕೆ ಇಲ್ಲದೆ ಬ್ಲೇಡು ಸಿಕ್ಕಿಕೊಂಡು ಚರ್ಮ ಸೀಳಿತು. ಅವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಬಟ್ಟೆ ಒತ್ತಿ ಹಿಡಿದೇ ಕೂತೆ, ರಕ್ತ ಬೇಗ ನಿಲ್ಲಲಿಲ್ಲ.

ಪೇಟೆಯಿಂದ ಮನೆಗೆ ಬಂದು ಕ್ಷೌರ ಮಾಡಿಕೊಡುವ ಹಿರಿಯರೊಬ್ಬರನ್ನು ಆಮೇಲೆ ಕರೆಸಿದೆ. ಅವರು ನೊರೆಯನ್ನು ಬಿಸಿ ಮಾಡುವ ಗೋಜಿಗೇ ಹೋಗಲಿಲ್ಲ. ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲನ್ನು ಮೊದಲು ತಮ್ಮ ಮುಂಗೈಗೆ ತಾಗಿಸಿ ನೋಡಿ, ಆಮೇಲೆ ಅಪ್ಪನ ಕೆನ್ನೆಗೆ ಇಟ್ಟರು. ಬ್ರಶ್ಶನ್ನು ಬಿಸಿನೀರಲ್ಲಿ ನೆನೆಹಾಕಿದ್ದರು. ಪಿಂಗಾಣಿ ಕಪ್ಪಿನಲ್ಲಿ ಬಿಸಿನೀರು ತುಂಬಿಸಿಟ್ಟು, ಚೆಲ್ಲಿ, ಆ ಬೆಚ್ಚನೆಯ ಕಪ್ಪಿನಲ್ಲಿ ಒಂದು ಕೆನ್ನೆಗೆ ಸಾಕಾಗುವಷ್ಟೇ ನೊರೆ ಮಾಡಿದರು. ಅದು ಮುಗಿದಾಗ ಮತ್ತೆ ಹೊಸದು. ಅಪ್ಪ ಕಣ್ಣು ಮುಚ್ಚಿ ಮಲಗಿದ್ದರು, ಒಮ್ಮೆಯೂ ಬೆಚ್ಚಲಿಲ್ಲ.

ನಾನು ಎಡವಿದ್ದು ಎಲ್ಲೆಂದು ಆಗ ಹೊಳೆಯಿತು. ಬಟ್ಟಲು ತುಂಬಿ ಕಂಡರೂ ನೊರೆಯಲ್ಲಿರುವ ನೀರು ಒಂದೆರಡು ಚಮಚ ಮಾತ್ರ. ಶಾಖ ಹಿಡಿದಿಡುವುದು ಆ ನೀರೇ ಹೊರತು ಗಾಳಿಯಲ್ಲ. ಹಾಗಾಗಿ ನೊರೆ ಎಷ್ಟೇ ಬಿಸಿಯಿರಲಿ, ಮುಖದ ಮೇಲೆ ತೆಳುವಾಗಿ ಹರಡಿದ ಕೂಡಲೇ ತಣಿಯುತ್ತದೆ. ಹೆಚ್ಚು ಕಾಯಿಸಿದರೆ ಗುಳ್ಳೆಗಳ ನಡುವಿನ ಸೋಪಿನ ನೀರು ತೆಳುವಾಗಿ ಬೇಗ ಕೆಳಗೆ ಸೋರುತ್ತದೆ, ಒಂದಿಷ್ಟು ಆವಿಯಾಗುತ್ತದೆ, ಒಳಗಿನ ಗಾಳಿ ಹಿಗ್ಗುತ್ತದೆ. ಪೊರೆ ಒಡೆದು ಸಣ್ಣ ಗುಳ್ಳೆಗಳು ಸೇರಿ ದೊಡ್ಡದಾಗುತ್ತವೆ. ಶೇವಿಂಗ್ ಸೋಪಿನಲ್ಲಿ ಸ್ಟಿಯರಿಕ್ ಆಮ್ಲ ಹೆಚ್ಚಾಗಿರುವುದರಿಂದ ಅದರ ನೊರೆ ಸ್ನಾನದ ಸೋಪಿನದಕ್ಕಿಂತ ದಟ್ಟವಾಗಿ, ಹೆಚ್ಚು ಹೊತ್ತು ನಿಲ್ಲುತ್ತದೆ ನಿಜ. ಆದರೆ ಕುದಿಯುವ ನೀರಿನ ಶಾಖವನ್ನು ಅದೂ ತಾಳದು.

ಬ್ರಿಟನ್ನಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲೇ ಹದವಾದ ಬಿಸಿಯ ನೊರೆಗೆಂದು ಪಿಂಗಾಣಿಯ ‘ಶೇವಿಂಗ್ ಸ್ಕಟಲ್’ ಇತ್ತು. ಅದರ ಹೊಟ್ಟೆಯಲ್ಲಿ ಬಿಸಿನೀರು, ಅಗಲವಾದ ಮೂತಿಯಲ್ಲಿ ಬ್ರಶ್ ಅದ್ದಲು ಜಾಗ, ಮೇಲೆ ಸೋಪಿನ ತಟ್ಟೆ. ಈಗಿನವುಗಳಿಗೆ ಎರಡು ಗೋಡೆ, ನಡುವೆ ನೀರು. ದುಡ್ಡು ಕೊಟ್ಟು ತರಿಸಬೇಕಿಲ್ಲ. ದಪ್ಪನೆಯ ಪಿಂಗಾಣಿ ಕಪ್ಪನ್ನು ಅಗಲ ಬೋಗುಣಿಯ ಬಿಸಿನೀರಿನಲ್ಲಿ ಇಟ್ಟರೆ ಅದೇ ಕೆಲಸ ಆಗುತ್ತದೆ. ನೀರು ಮಾತ್ರ ಕೈ ಅದ್ದಿ ಹಾಯಾಗಿ ಇಟ್ಟುಕೊಳ್ಳುವಷ್ಟೇ ಬಿಸಿ ಇರಲಿ, 45 ಡಿಗ್ರಿ ದಾಟುವುದು ಬೇಡ. ಒಲೆ, ಮೈಕ್ರೋವೇವ್ ಎರಡೂ ಸಲ್ಲ. ನೊರೆ ಮೊದಲು ಮೊಸರಿನಷ್ಟು ಗಟ್ಟಿಯಾಗಲಿ, ಆಮೇಲೆ ಬ್ರಶ್ಶಿನ ತುದಿಯಿಂದ ಹನಿ ಹನಿಯಾಗಿ ನೀರು ಸೇರಿಸಿ. ನಡುವೆ ಸಡಿಲಾದರೆ ನೀರು ಹಾಕಬೇಡಿ, ಬ್ರಶ್ಶನ್ನು ಮತ್ತೆ ಸೋಪಿಗೆ ಉಜ್ಜಿ. ಒಣಗುತ್ತದೆ ಅನಿಸಿದರೆ ಎಣ್ಣೆಯ ಬದಲು ಎರಡು ಹನಿ ಗ್ಲಿಸರಿನ್, ಅದು ನೀರನ್ನು ಹಿಡಿದಿಡುತ್ತದೆ. ಅಪ್ಪನನ್ನು ಕೆಲಕಾಲ ಬೆಂಗಳೂರಿಗೆ ಕರೆದೊಯ್ದಾಗ ಇನ್ನೊಂದು ತೊಡಕು ಎದುರಾಯಿತು. ಅಲ್ಲಿಯ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ಜಿಗಟು ಗಸಿಯಾಗುತ್ತದೆ, ನೊರೆ ನಿಲ್ಲುವುದೇ ಇಲ್ಲ. ಕುಡಿಯಲು ಶೋಧಿಸಿದ ಆರ್‌ಓ ನೀರನ್ನು ಅರ್ಧ ಲೋಟ ಬಳಸಿದರೆ ಸರಿಹೋಗುತ್ತದೆ.

ನಿಜವಾಗಿ ಬೆಚ್ಚಗಿರಬೇಕಾದದ್ದು ಮುಖ. ಕೂದಲು ನೀರು ಹೀರಿ ಮೆತ್ತಗಾಗಲು ಎರಡು ಮೂರು ನಿಮಿಷ ಬೇಕು, ಬೆಚ್ಚನೆಯ ನೀರಿನಲ್ಲಿ ಅದು ಬೇಗ ಆಗುತ್ತದೆ. ಆ ಟವೆಲಿನ ಹೊತ್ತನ್ನು ಉಳಿಸಲು ಹೋಗಬೇಡಿ.

ಡಬ್ಬಿಯ ಫೋಮ್ ಬಳಸುವವರಿಗೆ ಒಂದು ಮಾತು. ಡಬ್ಬಿಯನ್ನು ಬಿಸಿನೀರಲ್ಲಿಟ್ಟು ಬೆಚ್ಚಗೆ ಮಾಡಲು ಹೋಗಬೇಡಿ. ಒಳಗೆ ಒತ್ತಡದ ಅನಿಲವಿರುತ್ತದೆ, 50 ಡಿಗ್ರಿಗಿಂತ ಹೆಚ್ಚಿನ ಶಾಖ ತಾಗಬಾರದೆಂಬ ಎಚ್ಚರಿಕೆ ಅದರ ಮೇಲೇ ಇರುತ್ತದೆ. ಮನೆಯ ಹಿರಿಯರು ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಬ್ಲೇಡು ಮುಟ್ಟುವ ಮೊದಲು ವೈದ್ಯರನ್ನು ಕೇಳಿ. ಬೇಡವೆಂದರೆ ಎಲೆಕ್ಟ್ರಿಕ್ ಟ್ರಿಮ್ಮರ್ ಹಿಡಿಯಿರಿ.